ಕಫದ ಬಣ್ಣ, ರಕ್ತದ ಹನಿ

ವರ್ಷಗಟ್ಟಲೆ ದಮ್ಮಿನಿಂದ ನರಳಿದವನಿಗೆ ಕೆಮ್ಮು ಹೊಸ ಅತಿಥಿಯಲ್ಲ; ಅದರೊಡನೆ ಬಾಳುವುದನ್ನು ಅವನು ಕಲಿತಿರುತ್ತಾನೆ. ಆದರೆ ಒಂದು ದಿನ ಉಸಿರು ಇದ್ದಕ್ಕಿದ್ದಂತೆ ಬಿಗಿಯುತ್ತದೆ, ಕಫ ಹೆಚ್ಚುತ್ತದೆ, ಅದರ ಬಣ್ಣ ಹಳದಿಗೋ ಹಸಿರಿಗೋ ತಿರುಗುತ್ತದೆ. ರಾತ್ರಿಯೆಲ್ಲ ದಿಂಬಿಗೊರಗಿ ಕುಳಿತೇ ಬೆಳಗು ಮಾಡಿದವನು ವೈದ್ಯನಲ್ಲಿಗೆ ಬರುವುದು ಉಪದೇಶ ಕೇಳುವುದಕ್ಕಲ್ಲ. ಬರಿಗೈಯಲ್ಲಿ ಕಳುಹಿದರೆ ವೈದ್ಯನು ತನ್ನನ್ನು ಕೈಬಿಟ್ಟನೆಂದೇ ಅವನಿಗೆ ತೋರುತ್ತದೆ.

ವೈದ್ಯನ ಸಂಕಟವೂ ಸಣ್ಣದಲ್ಲ. ಈ ಉಲ್ಬಣಕ್ಕೆ ಬ್ಯಾಕ್ಟೀರಿಯ ಕಾರಣವಿರಬಹುದು, ವೈರಸ್ ಇರಬಹುದು, ಕೆಟ್ಟ ಗಾಳಿಯೂ ಇರಬಹುದು. ಆಂಟಿಬಯಾಟಿಕ್ ಮೊದಲನೆಯದಕ್ಕೆ ಮಾತ್ರ ಮದ್ದು. ಉಸಿರಿನ ಕಷ್ಟ, ಕಫದ ಪ್ರಮಾಣ, ಕಫದ ಬಣ್ಣ, ಈ ಮೂರೂ ಕೂಡಿ ಬಂದಾಗ ಅದರಿಂದ ಹೆಚ್ಚು ಪ್ರಯೋಜನವೆಂದು 1987ರಲ್ಲಿ ಕೆನಡಾದ ಆಂಥೋನಿಸೆನ್ ಮತ್ತು ಸಂಗಡಿಗರು ತೋರಿಸಿದರು. ಆದರೆ ರೋಗಿ ಹೇಳುವ ಹಸಿರು ಎಷ್ಟು ಹಸಿರು? ಸಂದೇಹ ಬಂದಾಗ ಕೊಟ್ಟುಬಿಡುವುದೇ ಸುಲಭ. ಹಾಗೆ ವರ್ಷಕ್ಕೆ ಎರಡು ಮೂರು ಸಲ ಕೊಟ್ಟ ಮಾತ್ರೆಗಳಿಗೆ ರೋಗಾಣುಗಳು ಒಗ್ಗಿಹೋಗಿ, ನಿಜವಾದ ನ್ಯುಮೋನಿಯ ಬಂದ ದಿನ ಮದ್ದು ಸೋಲುವ ಭಯವುಂಟು.

ನ್ಯುಮೋನಿಯದಿಂದಲೇ ಈ ಕತೆಗೆ ಒಂದು ತಿರುವು ಒದಗಿತು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬುವರು ಆ ರೋಗಿಗಳ ರಕ್ತದಲ್ಲಿ ಒಂದು ವಿಚಿತ್ರ ವಸ್ತುವನ್ನು ಕಂಡರು. ರೋಗಾಣುವಿನ ‘ಸಿ’ ಎಂಬ ಅಂಶದೊಡನೆ ಅದು ಕೂಡಿ ಗಸಿಗಟ್ಟುತ್ತಿದ್ದುದರಿಂದ ಸಿ-ರಿಯಾಕ್ಟಿವ್ ಪ್ರೋಟೀನ್ ಎಂದೇ ಹೆಸರಾಯಿತು. ಶರೀರದಲ್ಲಿ ಉರಿಯೂತವೆದ್ದಾಗ ಯಕೃತ್ತು ಇದನ್ನು ರಕ್ತಕ್ಕೆ ಸುರಿಯುತ್ತದೆ. ಈಗ ಬೆರಳ ತುದಿಯ ಒಂದು ಹನಿ ಸಾಕು. ಕೆಲವೇ ನಿಮಿಷಗಳಲ್ಲಿ ವೈದ್ಯನ ಮೇಜಿನ ಮೇಲೆಯೇ ಅಂಕಿ ಮೂಡುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸಿನ 86 ಚಿಕಿತ್ಸಾಲಯಗಳಲ್ಲಿ 653 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 2019ರಲ್ಲಿ ಪ್ರಕಟವಾಯಿತು. ಅಂಕಿ ಲೀಟರಿಗೆ 20 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಆಂಟಿಬಯಾಟಿಕ್ ಬಹುಶಃ ಬೇಡ; 40 ಮೀರಿದರೆ ಬಹುಶಃ ಬೇಕು; ನಡುವಿನದಕ್ಕೆ ಕಫದ ಬಣ್ಣ ನೋಡಬೇಕು. (ಹಳೆಯ ಸಾಕ್ಷಿಯನ್ನು ಪೂರ್ತಿ ಓಡಿಸಿಲ್ಲವೆಂಬುದು ಸಮಾಧಾನದ ಮಾತು.) ಹನಿ ನೋಡದೆ ಚಿಕಿತ್ಸೆ ಪಡೆದವರಲ್ಲಿ ನಾಲ್ಕು ವಾರದೊಳಗೆ ನೂರಕ್ಕೆ 77 ಮಂದಿ ಆಂಟಿಬಯಾಟಿಕ್ ನುಂಗಿದ್ದರು, ನೋಡಿದವರಲ್ಲಿ 57. ಕಡಿಮೆ ನುಂಗಿದ ಪಂಗಡದ ಆರೋಗ್ಯ ಕೆಡಲಿಲ್ಲ. ರೋಗಿಯ ಭಯಕ್ಕೆ ಉತ್ತರವಿರುವುದು ಇಲ್ಲಿಯೇ.

ಅಂಕಿ ತಾನೇ ತೀರ್ಪು ಕೊಡದು. ವೈರಸ್ಸಿನಿಂದಲೂ ಅದು ಏರಬಲ್ಲುದು. ರೋಗಿಯ ಮುಖ, ನಾಡಿ, ಉಸಿರಿನ ವೇಗವನ್ನು ವೈದ್ಯನು ನೋಡಲೇಬೇಕು. ಆಂಟಿಬಯಾಟಿಕ್ ಇಲ್ಲದೆ ಹೊರಟವನು ಬರಿಗೈಯಲ್ಲಿ ಹೊರಟನೆಂದೂ ಅಲ್ಲ. ಉಸಿರ್ನಾಳ ಸಡಿಲಿಸುವ ಇನ್‌ಹೇಲರ್ ಉಂಟು, ಅಗತ್ಯವಿದ್ದರೆ ಕೆಲವು ದಿನದ ಸ್ಟೀರಾಯ್ಡ್ ಮಾತ್ರೆಯುಂಟು; ಜ್ವರ ಏರಿದರೆ, ಉಸಿರು ಇನ್ನೂ ಬಿಗಿದರೆ ತಡಮಾಡದೆ ಮರಳಿ ಬರಬೇಕೆಂಬ ಮಾತೂ ಜೊತೆಗಿರುತ್ತದೆ.