ಗಿರಣಿಯ ಮಗ್ಗುಲಲ್ಲಿ ಮನ್ಸೂರರು

ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಬಡಿದರೆ ಹೊರಗಿನ ಗದ್ದಲ ನಿಲ್ಲುವುದಿಲ್ಲ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು. ಹೇಳಿದವರಿದ್ದರು ಬಿಡಿ, ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಕೊಟ್ಟೂರಿನ ನಮ್ಮ ಮನೆಯ ಮಗ್ಗುಲಿಗೇ ಹಿಟ್ಟಿನ ಗಿರಣಿ. ಜೋಳದ ಡಬ್ಬಿ ಹಿಡಿದು ಸಾಲುಗಟ್ಟಿದ ಹೆಂಗಸರ ಮಾತು, ಮೈಕು ಕಟ್ಟಿಕೊಂಡು ಬರುವ ಹಳೇ ಸಾಮಾನಿನ ಗಾಡಿ, ಒಳಗೆ ರೊಟ್ಟಿ ಬಡಿಯುವ ಸದ್ದು, ಕುಕ್ಕರಿನ ಸೀಟಿ. ಇದರ ನಡುವೆ ಕೂತು ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುವ ಹಟ ನನ್ನದು. ಜೈಪುರ-ಅತ್ರೌಲಿ ಘರಾಣೆಯ ಗಾಯನದಲ್ಲಿ ಸ್ವರದೊಳಗೆ ಸ್ವರ ಹೆಣೆದುಕೊಂಡು ಹೋಗುತ್ತದೆ. ನಡುವೆ ಒಂದು ಎಳೆ ತಪ್ಪಿದರೆ ಮುಂದಿನದು ಎಲ್ಲಿಂದ ಬಂತೆಂಬುದೇ ತಿಳಿಯುವುದಿಲ್ಲ.

ಟ್ರೇ ಬಡಿದೆ, ಅದರ ಮೇಲೆ ಫೋಮ್ ಅಂಟಿಸಿದೆ. ತೆಳುವಾದ ಫೋಮ್ ಕೋಣೆಯೊಳಗಿನ ತಾರ ಸದ್ದಿನ ಪ್ರತಿಧ್ವನಿಯನ್ನಷ್ಟೇ ಹೀರುತ್ತದೆ. ಹೊರಗಿನದನ್ನು ತಡೆಯಲು ಬೇಕಾದದ್ದು ಗೋಡೆಯ ತೂಕ ಮತ್ತು ಸಂದಿಲ್ಲದ ಕಿಟಕಿ. ಹಾಗಾಗಿ ಆದದ್ದಿಷ್ಟು: ಮನ್ಸೂರರ ದನಿಯ ಹೊಳಪು ಹೋಯಿತು, ಗಿರಣಿಯ ಗುಂಯ್‌ಗುಡುವಿಕೆ ಇದ್ದಲ್ಲೇ ಇತ್ತು.

ಕಿಟಕಿ ಮುಚ್ಚಿದೆ. ಬೇಸಿಗೆಯಲ್ಲಿ ನಮ್ಮ ಸೀಮೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಫ್ಯಾನ್ ಹಾಕಲೇಬೇಕು. ಆ ಫ್ಯಾನೇ ಮೊದಲು ತಂಬೂರಿಯನ್ನು ನುಂಗಿತು. ನಿರಂತರವಾದ ಸದ್ದೊಂದು ತನ್ನ ಆಸುಪಾಸಿನ ಸ್ಥಾಯಿಯ ಮೆಲುದನಿಗಳನ್ನು ಕಿವಿಗೆ ಬೀಳದಂತೆ ಮುಚ್ಚಿಬಿಡುತ್ತದೆ. ಶ್ರುತಿಯೇ ಕೇಳದ ಮೇಲೆ ಸಂಗೀತ ಕೇಳಿದೆನೆಂದು ಹೇಳಿಕೊಳ್ಳುವುದಾದರೂ ಹೇಗೆ?

ಆಗ ಮಾಡಿದ್ದೇ ದೊಡ್ಡ ತಪ್ಪು. ಸಾಲ ಮಾಡಿ ದೊಡ್ಡ ಆಂಪ್ಲಿಫೈಯರ್ ತಂದೆ. ಹಾಡು ಕಿವಿಗೆ ಎರಡು ಪಟ್ಟು ಜೋರೆನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅದಕ್ಕೆ ಯಂತ್ರ 10 ಪಟ್ಟು ಶಕ್ತಿ ಸುರಿಯಬೇಕು. ಸುರಿಸಿದೆ. ಗಿರಣಿ ಸೋತಿತೆಂದು ಬೀಗುತ್ತಿದ್ದೆ. ಒಂದು ಸಂಜೆ ಹಿಂದಿನ ಮನೆಯಾಕೆ ಬಾಗಿಲಿಗೆ ಬಂದರು: ‘ಅಣ್ಣಾರ, ನಮ್ಮ ಹುಡುಗಿದು ಎಸ್ಸೆಸ್ಸೆಲ್ಸಿ ಪರೀಕ್ಷೆ ಐತ್ರಿ. ಗಿರಣಿ ಸಂಜಿಗೆ ನಿಂತತಿ ಅನ್ನೋದ್ರಾಗ ನಿಮ್ದು ಸುರು ಆಗ್ತತಿ.’

ನನಗೆ ಉತ್ತರ ಹೊಳೆಯಲಿಲ್ಲ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಗಿರಣಿಯವರಿಗೆ ತೋರಿಸಲೆಂದೇ ಅದನ್ನು ಓದಿಟ್ಟುಕೊಂಡಿದ್ದೆ. ಗಿರಣಿಯಿಂದ ಊರಿಗೆ ಹಿಟ್ಟಾದರೂ ಸಿಗುತ್ತದೆ. ನನ್ನಿಂದ ಏನು ಸಿಗುತ್ತಿತ್ತು?

ಫೋಮ್ ಕಿತ್ತು, ಕಿಟಕಿ ಬಾಗಿಲುಗಳ ಸಂದಿಗೆ ರಬ್ಬರ್ ಪಟ್ಟಿ ಹಚ್ಚಿದೆ. ಟ್ರೇಗಳಿಗಿಂತ ಅದೇ ಎಷ್ಟೋ ಮೇಲು. ಆದರೂ ನಾನು ಮನ್ಸೂರರನ್ನು ಚೆನ್ನಾಗಿ ಕೇಳಿದ್ದು ಕರೆಂಟ್ ಹೋದಾಗ. ಗಿರಣಿ, ಮಿಕ್ಸಿ, ಫ್ಯಾನು, ಬೋರಿನ ಮೋಟಾರು ಒಟ್ಟಿಗೇ ಬಾಯಿ ಮುಚ್ಚುತ್ತವೆ. ಬೆವರು ಒರೆಸಿಕೊಳ್ಳುತ್ತಾ ಫೋನಿನ ಪುಟ್ಟ ಸ್ಪೀಕರಿಗೆ ಕಿವಿಗೊಟ್ಟರೆ ತಂಬೂರಿಯೂ ಕೇಳುತ್ತದೆ.

ಆಂಪ್ಲಿಫೈಯರ್ ಕೊಳ್ಳಬೇಕೆಂದಿರುವವರು ಅಂಗಡಿಗೆ ಹೋಗುವ ಮುನ್ನ ಕರೆಂಟ್ ಇಲ್ಲದ ಹೊತ್ತಿನಲ್ಲಿ ಒಮ್ಮೆ ಹೀಗೆ ಕೇಳಿ ನೋಡಿ. ಆಮೇಲೂ ಬೇಕೆನಿಸಿದರೆ ನನ್ನದು ಮಾರಾಟಕ್ಕಿದೆ.