ಗಾರೆ ಅಂದ್ರೆ ಸುಣ್ಣ ಕಣೋ!

ಮ್ಯಾಂಚೆಸ್ಟರ್‌ನಲ್ಲಿ ಕಳೆದ ವರ್ಷ ನಾವು ಕೊಂಡ ಮನೆಗೆ ನೂರು ವರ್ಷ ದಾಟಿದೆ. ಹಾಲ್‌ನ ಗೋಡೆಗೆ ಬಡಿದಿದ್ದ ಪ್ಲೈವುಡ್ ತೆಗೆದರೆ ಹಿಂದೆ ಫೈರ್‌ಪ್ಲೇಸ್! ಚಳಿಗೆ ಕಲ್ಲಿದ್ದಲು ಉರಿಸುತ್ತಿದ್ದ ಗೂಡು. ಇಟ್ಟಿಗೆಯೆಲ್ಲ ಮಸಿ, ಸಂದಿಯ ಗಾರೆ ಮುಟ್ಟಿದರೆ ಪುಡಿ. ಹೆಂಡತಿ "ಮತ್ತೆ ಮುಚ್ಚಿಬಿಡು" ಅಂದಳು. ನಾನು ಎಂಜಿನಿಯರ್ ಅಲ್ವಾ (ಕಂಪ್ಯೂಟರ್ ಸೈನ್ಸ್ ಅನ್ನೋದು ಬೇರೆ ಮಾತು), "ಒಂದು ವೀಕೆಂಡ್ ಕೆಲಸ" ಅಂದೆ.

ಮೊದಲ ಶನಿವಾರವೇ ಎಡವಟ್ಟು. ಡ್ರಿಲ್‌ಗೆ ತಂತಿ ಬ್ರಷ್ ಸಿಕ್ಕಿಸಿ ಉಜ್ಜಿದೆ. ಮಸಿ ಹೋಯ್ತು, ಜೊತೆಗೆ ಇಟ್ಟಿಗೆಯ ಚರ್ಮವೂ ಹೋಯ್ತು. ಹಳೇ ಇಟ್ಟಿಗೆಗೆ ಭಟ್ಟಿಯಲ್ಲಿ ಬೆಂದ ಹೊರಮೈಯೇ ರಕ್ಷಣೆ, ಒಳಗೆ ಮೆತ್ತಗೆ. ಮೂರು ಇಟ್ಟಿಗೆ ಹಾಳಾದ ಮೇಲೆ ನಿಲ್ಲಿಸಿದೆ. ಇದಕ್ಕೆ ಅನ್‌ಡೂ ಇಲ್ಲ. ಆಮೇಲೆ ಮಾಸ್ಕ್ ಹಾಕಿಕೊಂಡು ಮಸಿಯನ್ನು ಒಣಗಿದ್ದಾಗಲೇ ವ್ಯಾಕ್ಯೂಮ್ ಮಾಡಿ, ಸೋಪು ನೀರಲ್ಲಿ ನಾರಿನ ಬ್ರಷ್ ಅದ್ದಿ, ಮೂಲೆಯ ಒಂದು ಇಟ್ಟಿಗೆ ಮೇಲೆ ಪರೀಕ್ಷಿಸಿ ಮುಂದುವರಿದೆ. ನಾಲ್ಕು ವೀಕೆಂಡ್ ಹಿಡಿಯಿತು.

ಸಂದಿ ತುಂಬೋಕೆ ಚೀಲ ತಂದಿಟ್ಟಿದ್ದೆ. ವಿಡಿಯೋ ಕಾಲ್‌ನಲ್ಲಿ ಅಪ್ಪ, "ಅದೇನು ಚೀಲ?" ಅಂದರು. "ಗಾರೆಗೆ ಸಿಮೆಂಟ್." "ಗಾರೆ ಅಂದ್ರೆ ಸುಣ್ಣ ಕಣೋ!" ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದರು.

ತರೀಕೆರೆಯ ಹಳೇ ಮನೆಯ ಬಚ್ಚಲ ಗೋಡೆಯ ವಿಷಯ ಹೇಳಿದ್ದು ಆಗಲೇ. ಅಪ್ಪನಿಗೆ ಹೊಸದಾಗಿ ಕೆಲಸ ಸಿಕ್ಕಿತ್ತಂತೆ. ಅಜ್ಜಿ ಬೇಡ ಬೇಡ ಅಂದರೂ ಹಂಡೆ ಒಲೆಯ ಪಕ್ಕದ ಸುಣ್ಣದ ಗೋಡೆಗೆ ಸಿಮೆಂಟ್ ಬಳಿಸಿದರು. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತೆ, ಸಿಮೆಂಟ್ ಒಳಗೇ ಹಿಡಿದಿಡುತ್ತೆ. ಎರಡು ಮಳೆಗಾಲಕ್ಕೆ ಇಟ್ಟಿಗೆಯ ಮುಖವೇ ಹಪ್ಪಳದ ಹಾಗೆ ಕಳಚಿ, ಗೋಡೆ ಕೆಡವಬೇಕಾಯಿತು. "ಅಮ್ಮ ಒಂದು ಮಾತೂ ಅನ್ನಲಿಲ್ಲ, ಅದೇ ಕಷ್ಟ" ಅಂದರು. ಮೂವತ್ತು ವರ್ಷದಲ್ಲಿ ನಾನಿದನ್ನು ಕೇಳೇ ಇರಲಿಲ್ಲ.

ಸಿಮೆಂಟ್ ವಾಪಸ್ ಕೊಟ್ಟೆ. ಸುಣ್ಣ ಒಂದು ಪಾಲು, ಮರಳು ಮೂರು ಪಾಲು. ಸಡಿಲ ಗಾರೆಯನ್ನು ಎರಡು ಸೆಂಟಿಮೀಟರ್ ಆಳಕ್ಕೆ ಕೆರೆದು, ಸಂದಿ ಒದ್ದೆ ಮಾಡಿ, ಒತ್ತಿ ತುಂಬಿದೆ. ಸುಣ್ಣ ಬೇಗ ಒಣಗಿದರೆ ಬಿರುಕು. ಅದಕ್ಕೆ ಅಪ್ಪ ಹೇಳಿದಂತೆ ಒದ್ದೆ ಗೋಣಿಚೀಲ ಹೊದಿಸಿದೆ. ದಿನಾ ಬೆಳಗ್ಗೆ ಅವರ ಫೋನ್: "ನೀರು ಚಿಮುಕಿಸಿದೆಯಾ?"

ಚಿಮಣಿ ತಪಾಸಣೆ ಇನ್ನೂ ಆಗಿಲ್ಲ, ಹಾಗಾಗಿ ಬೆಂಕಿ ಹಚ್ಚಿಲ್ಲ. ಚೀಲ ತೆಗೆದ ದಿನ ಅಪ್ಪನಿಗೆ ತೋರಿಸಿದೆ. ಚೆನ್ನಾಗಿದೆ ಗಿನ್ನಾಗಿದೆ ಅನ್ನಲಿಲ್ಲ. "ಆ ಮೂರು ಇಟ್ಟಿಗೆ ಎಲ್ಲಿ? ಫೋನ್ ಹತ್ರ ಹಿಡಿ" ಅಂದರು.