ಕೆರೆಯ ದಡದಲ್ಲಿ ಬೇಸಿಗೆ ರಜಾ

ಈ ಚೈತ್ರದಲ್ಲಿ ಜರ್ಮನಿಯಿಂದ ನಮ್ಮ ಮಗನು ಬರೆದಿದ್ದನು: “ಅಪ್ಪಾ, ಅಮ್ಮನನ್ನು ಕರೆದುಕೊಂಡು ಬನ್ನಿ. ಬೇಸಿಗೆ ಬಂತೆಂದರೆ ಇಲ್ಲಿಯವರು ಕಾನ್‌ಸ್ಟನ್ಸ್ ಸರೋವರದ ದಡದಲ್ಲಿ ಸುಮ್ಮನೆ ಕುಳಿತು ರಜಾ ಕಳೆಯುತ್ತಾರೆ.” ರೈನ್ ನದಿಯು ಹೊಕ್ಕು ಹೊರಡುವ ಆ ಸರೋವರವು ಮೂರು ದೇಶಗಳ ಗಡಿಯಲ್ಲಿದೆ.

ಪತ್ರವನ್ನು ಕೇಳಿದ ನಮ್ಮ ಗೃಹಿಣಿಯು, “ಅಷ್ಟು ದೂರವೇಕೆ? ಕುಕ್ಕರಹಳ್ಳಿ ಕೆರೆಯನ್ನು ಒಂದು ಸುತ್ತು ಬರೋಣವೆಂದು ಮದುವೆಯಾದ ವರ್ಷ ಹೇಳಿದ್ದಿರಿ” ಎಂದಳು. ನಾವು ನಿರುತ್ತರರಾದೆವು. ಮೂವತ್ತೈದು ಬೇಸಿಗೆಗಳನ್ನು ಉತ್ತರಪತ್ರಿಕೆಗಳಿಗೂ ಮನೆಪಾಠಕ್ಕೂ ಒಪ್ಪಿಸಿದ್ದೆವು. ‘ವಿಶ್ರಾಂತಿ’ ಶಬ್ದದ ಧಾತುವು ‘ಶ್ರಮ್’ ಎಂದು ಮಕ್ಕಳಿಗೆ ಬೋಧಿಸಿದ ನಾವು ಧಾತುವನ್ನು ಹಿಡಿದು ಉಪಸರ್ಗವನ್ನು ಮರೆತಿದ್ದೆವು.

ಮರುದಿನ ಪ್ರಾತಃಕಾಲದಲ್ಲಿಯೇ ಹೊರಟೆವು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ. ಕುವೆಂಪು ಅವರು ತಿರುಗಾಡಿದ ಏರಿ. ನೂರು ಹೆಜ್ಜೆ ನಡೆಯುವಷ್ಟರಲ್ಲಿ ಮಂಡಿನೋವಿನಿಂದ ಆಕೆ ಕುಳಿತುಬಿಟ್ಟಳು. ಹೆಜ್ಜಾರ್ಲೆಯೊಂದು ಮೆಲ್ಲನೆ ನೀರಿಗಿಳಿಯಿತು. ಅದನ್ನು ನೋಡುತ್ತ, “ಮೊದಲೇ ಬಂದಿದ್ದರೆ ಸುತ್ತು ಮುಗಿಸಬಹುದಾಗಿತ್ತು” ಎಂದಳು. ಮಾತಿನಲ್ಲಿ ಮುನಿಸಿರಲಿಲ್ಲ, ಅದೇ ನಮಗೆ ಹೆಚ್ಚು ನಾಟಿತು.

ಈಗ ಪ್ರತಿದಿನವೂ ಇಬ್ಬರೂ ಅಲ್ಲಿಯೇ ಕುಳಿತಿದ್ದು ಬರುತ್ತೇವೆ. ವಾಚಕ ಮಹಾಶಯರೇ, ದೂರದ ಸರೋವರಕ್ಕೆ ಹಣ ಬೇಕು. ಹತ್ತಿರದ ಕೆರೆಗೆ ಮನಸ್ಸು ಬೇಕು. ಎರಡಕ್ಕೂ ಕಾಲು ಬೇಕು. ಅವು ಗಟ್ಟಿಯಾಗಿರುವಾಗಲೇ ಹೊರಡಿರಿ.